ಸರ್ ರೆನೋನ ಮೂರನೆಯ ಅರ್ಜಿ

ವಿದನ್‌ಶಾ, ಮ್ಯಾಂಚೆಸ್ಟರ್
8 ನವೆಂಬರ್ 1998

ಪ್ರಿಯ ಸಿಪ್ರಿ,

ಹದಿನಾಲ್ಕು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಈ ಸಾಲಿಗೇ ಬೈದು ಮುಗಿಸು. ಮುಂದೆ ನಿನ್ನಿಂದ ಒಂದು ಕೆಲಸ ಆಗಬೇಕಾಗಿದೆ.

ನನ್ನ ವಾರ್ಡಿನಲ್ಲಿ ಆರ್ಥರ್ ಓಲ್ಡ್‌ಫೀಲ್ಡ್ ಎಂಬ ಮುದುಕರಿದ್ದಾರೆ. ಎಂಬತ್ತಾರು ವರ್ಷ. ಹೃದಯ ದಣಿದಿದೆ, ಕಣ್ಣು ಹೆಚ್ಚುಕಡಿಮೆ ಹೋಗಿದೆ, ನಾಲಿಗೆ ಮಾತ್ರ ಚುರುಕು. ಇಲ್ಲಿಂದ ದಕ್ಷಿಣಕ್ಕೆ ಥಾರ್ನ್‌ಲೀ ಎಂಬ ಹಳ್ಳಿಯ ಚರ್ಚನ್ನು ನಲವತ್ತು ವರ್ಷ ನೋಡಿಕೊಂಡವರು. ಬೀಗ ತೆಗೆಯುವುದು, ಗುಡಿಸುವುದು, ಬಂದವರಿಗೆ ಒಳಗೆ ತೋರಿಸುವುದು. ಆ ಚರ್ಚಿನಲ್ಲಿ ಆರುನೂರೈವತ್ತು ವರ್ಷ ಹಳೆಯ ಒಂದು ಸಮಾಧಿ ಇದೆಯಂತೆ. ಸಮುದ್ರದಾಚೆಯ ಹೈನಾಲ್ಟ್ ಎಂಬ ಸೀಮೆಯಿಂದ ರಾಣಿಯ ಪರಿವಾರದ ಜೊತೆ ಬಂದ ಸರ್ ರೆನೋ ಎಂಬ ಪರದೇಶಿ ಯೋಧ ಅಲ್ಲಿ ಮಲಗಿದ್ದಾನೆ. ಮೂವತ್ತೊಂದು ವರ್ಷ ಇಲ್ಲಿನ ದೊರೆಯ ಸೇವೆ ಮಾಡಿದನಂತೆ. ಕೊನೆಗೆ ದೊರೆಯೇ "ಇನ್ನು ನಿನ್ನ ಊರಿಗೆ ಹೋಗು" ಎಂದರೂ, "ನನ್ನ ಒಡೆಯ ಇರುವಲ್ಲೇ ನನ್ನ ಊರು" ಎಂದು ಉಳಿದನಂತೆ. ಚರ್ಚಿನಲ್ಲಿ ಹಂಚುವ ಕಾಗದದಲ್ಲಿ ಹಾಗೆ ಅಚ್ಚಾಗಿದೆ. ಓಲ್ಡ್‌ಫೀಲ್ಡ್ ಅದನ್ನು ಸಾವಿರಾರು ಜನರಿಗೆ ಬಾಯಿಪಾಠ ಒಪ್ಪಿಸಿದ್ದಾರೆ.

ಅವರ ಸ್ನೇಹಿತರಾಗಿದ್ದ ಒಬ್ಬ ಶಾಲಾ ಮೇಷ್ಟ್ರು ಹಳೆಯ ಮಠವೊಂದರ ದಾಖಲೆಯಲ್ಲಿ ಈ ಯೋಧನ ಹೆಸರಿರುವ ಲ್ಯಾಟಿನ್ ಬರಹ ಕಂಡು, ಎರಡು ಹಾಳೆ ಟೈಪು ಮಾಡಿ ತಂದರಂತೆ. ಅನುವಾದ ಮಾಡುವ ಮೊದಲೇ ತೀರಿಕೊಂಡರು. ಆ ಹಾಳೆಗಳು ಈಗ ಮುದುಕರ ದಿಂಬಿನ ಕೆಳಗಿವೆ. "ಅವನ ಬಾಯಿಂದಲೇ ಒಂದು ಸಲ ಕೇಳಿ ಸಾಯ್ತೇನೆ ಡಾಕ್ಟರ್" ಎಂದರು. ನನಗೆ ನಿನ್ನ ನೆನಪಾಯಿತು. "ಮಂಗಳೂರಿನಲ್ಲಿ ನನ್ನ ಸ್ನೇಹಿತ ಒಬ್ಬ ಪಾದ್ರಿ ಇದ್ದಾನೆ, ಲ್ಯಾಟಿನ್ನಿನಲ್ಲೇ ಕನಸು ಕಾಣುವವನು" ಎಂದೆ. ಇಂಗ್ಲೆಂಡಿನ ಹಳ್ಳಿಯ ಕಾಗದವನ್ನು ಓದಲು ಹಿಂದೂಸ್ಥಾನಕ್ಕೆ ಕಳಿಸಬೇಕೇ ಎಂದು ಅವರು ಕೆಮ್ಮು ಬರುವಷ್ಟು ನಕ್ಕರು.

ಎರಡೂ ಹಾಳೆಗಳ ನಕಲು ಇಟ್ಟಿದ್ದೇನೆ. ನಾನು ಚೆನ್ನಾಗಿದ್ದೇನೆ. ಇಪ್ಪತ್ತಾರು ವರ್ಷ ಮುಗಿಯಿತು ಇಲ್ಲಿ. ಚಂಪಾ ಚೆನ್ನಾಗಿದ್ದಾಳೆ. ಮಾಳವಿಕಾ ಲಂಡನ್ನಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಫೋನಿನಲ್ಲಿ ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಹೇಳುತ್ತಾಳೆ.

ನಿನ್ನ
ಹರಿಶ್ಚಂದ್ರ

*

ಮಂಗಳೂರು
27 ನವೆಂಬರ್ 1998

ಪ್ರಿಯ ಹರಿ,

ಬೈಯುವ ಸಾಲು ತಲುಪಿತು. ಬೈದೆ. ಕೊಂಕಣಿಯಲ್ಲಿ ಬೈದದ್ದರಿಂದ ಇಲ್ಲಿ ಬರೆಯುವುದಿಲ್ಲ.

ಎಂತ ಮಾರಾಯ, ನನ್ನಂಥ ನಿವೃತ್ತ ಪಾದ್ರಿಗೆ ಇಂಥ ಕೆಲಸ ಕೊಟ್ಟೆಯಲ್ಲ! ಇಲ್ಲಿ ನಾವು ಏಳು ಮಂದಿ ಮುದಿ ಗುರುಗಳು ಒಂದೇ ಮನೆಯಲ್ಲಿದ್ದೇವೆ. ಒಬ್ಬರಿಗೆ ಕಿವಿ ಇಲ್ಲ, ಒಬ್ಬರಿಗೆ ಮೊಣಕಾಲು ಇಲ್ಲ, ಅಡುಗೆಯ ನೀಲಮ್ಮನಿಗೆ ನಮ್ಮ ಯಾರ ಮೇಲೂ ಗೌರವ ಇಲ್ಲ. ನಿನ್ನ ಲಕೋಟೆ ಬಂದ ದಿನ ಊಟಕ್ಕೆ ಮೂರು ಸಲ ಕರೆಸಿಕೊಂಡೆ. "ಸತ್ತವರ ಕಾಗದ ಓದಿದರೆ ಹೊಟ್ಟೆ ತುಂಬುತ್ತದಾ ಫಾದರ್?" ಎಂದು ಗದರಿಸಿ ಮೀನುಸಾರು ಮುಚ್ಚಿಟ್ಟಳು.

ಮೊದಲ ಹಾಳೆ ಹೀಗಿದೆ. ಯೋಧನಿಗೆ ಬರೆಯಲು ಬರುತ್ತಿರಲಿಲ್ಲ, ಅವನ ಪಾದ್ರಿ ಬರೆದುಕೊಂಡದ್ದು.

"ನಾನು ರೆನೋ. ರಾಣಿಯವರ ಹಡಗಿನಲ್ಲಿ ಈ ದ್ವೀಪಕ್ಕೆ ಬಂದಾಗ ನನಗೆ ಹತ್ತೊಂಬತ್ತು. ಈ ದೊರೆಯ ಬಾವುಟದ ಕೆಳಗೆ ನಾಲ್ಕು ಯುದ್ಧಗಳಲ್ಲಿ ನಿಂತೆ. ಉತ್ತರದ ಗಡಿಯಲ್ಲಿ ಎಡಗೈಯ ಎರಡು ಬೆರಳು ಬಿಟ್ಟುಬಂದೆ. ಬೆನ್ನು ತೋರಿಸಿದವನಲ್ಲ. ಮೊದಮೊದಲು ಇವರು ನನ್ನ ಮಾತಿಗೆ ನಗುತ್ತಿದ್ದರು. ಈಗ ನನಗೆ ನಿದ್ದೆಯಲ್ಲೂ ಇವರ ಮಾತೇ ಬರುತ್ತದೆ ಎಂದು ಸೇವಕರು ಹೇಳುತ್ತಾರೆ. ಅರಮನೆಯ ಬಾಗಿಲಲ್ಲಿ ನಾನು ಕಾದ ರಾತ್ರಿಗಳನ್ನು ದೇವರು ಬಲ್ಲ. ನನ್ನ ಒಡೆಯ ನನ್ನ ಕಾವಲಿನಲ್ಲಿ ಒಂದು ದಿನವೂ ಭಯದಿಂದ ಏಳಲಿಲ್ಲ."

ಎಷ್ಟು ಚೆಂದ ಉಂಟು ನೋಡು. ಓದುವಾಗ ನಿನ್ನ ಮುಖವೇ ಎದುರಿಗೆ ಬಂತು. ನೀನೂ ಹಾಗೆಯೇ ಅಲ್ಲವೇ? ಇಪ್ಪತ್ತಾರು ವರ್ಷ ಬೇರೆಯವರ ಅಪ್ಪ ಅಮ್ಮಂದಿರನ್ನು ಕಾದವನು.

ಎರಡನೆಯ ಹಾಳೆಯಲ್ಲಿ ಸಂಕ್ಷೇಪಾಕ್ಷರಗಳು ಬಹಳ. ಮಾಮೂಲಿ ರಾಜಸಭೆಯ ಮಾತುಗಳು, ವಿಶೇಷ ಏನೂ ಇಲ್ಲ. ನಿನ್ನ ಮುದುಕರಿಗೆ ಮೊದಲ ಹಾಳೆ ಸಾಕು.

ಚಂಪಾಳಿಗೆ ನನ್ನ ನೆನಪು ಹೇಳು. ನಿಮ್ಮ ಮದುವೆಯ ಮರುದಿನ ಅವಳು ತಂಬೂರಿ ಹಿಡಿದು ಹಾಡಿದ್ದು ಇನ್ನೂ ಕಿವಿಯಲ್ಲಿದೆ. ಮುಂದಿನ ಸಲ ಅವಳೂ ಎರಡು ಸಾಲು ಬರೆಯಲಿ.

ದೇವರ ಕೃಪೆ ಇರಲಿ.
ಸಿಪ್ರಿಯನ್

*

ವಿದನ್‌ಶಾ
13 ಡಿಸೆಂಬರ್ 1998

ಪ್ರಿಯ ಸಿಪ್ರಿ,

ನಿನ್ನ ಅನುವಾದವನ್ನು ಇಂಗ್ಲಿಷಿಗೆ ಮಾಡಿ, ಮಂಗಳವಾರ ರೌಂಡ್ಸ್ ಮುಗಿದ ಮೇಲೆ ಓಲ್ಡ್‌ಫೀಲ್ಡರ ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಓದಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಬೆರಳು ಕಳೆದುಕೊಂಡ ಸಾಲು ಬಂದಾಗ "ನಿಲ್ಲಿ" ಎಂದರು. ಸಮಾಧಿಯ ಮೇಲಿನ ಕಲ್ಲಿನ ಯೋಧನಿಗೂ ಎಡಗೈಯಲ್ಲಿ ಎರಡು ಬೆರಳಿಲ್ಲವಂತೆ. ಇಷ್ಟು ದಿನ ಯಾರೋ ಮಕ್ಕಳು ಮುರಿದಿರಬೇಕು ಎಂದುಕೊಂಡಿದ್ದರಂತೆ. "ನಲವತ್ತು ವರ್ಷ ಧೂಳು ಒರೆಸಿದ್ದೇನೆ, ಒಂದು ದಿನ ಗೊತ್ತಾಗಲಿಲ್ಲ" ಎಂದು ಮತ್ತೆ ಮತ್ತೆ ಹೇಳಿದರು. ಮೂರು ಸಲ ಓದಿಸಿದರು. ಪಕ್ಕದ ಹಾಸಿಗೆಯವರೂ ಟಿವಿ ಸದ್ದು ತಗ್ಗಿಸಿದರು.

ನಿನ್ನ ಮಾತು ಸುಳ್ಳಲ್ಲ. ಓದುತ್ತಾ ನಾನೂ ನನ್ನನ್ನೇ ಕಂಡೆ. ಇಲ್ಲಿ ಬಂದ ಮೊದಲ ವರ್ಷ ನನ್ನ ಉಚ್ಚಾರಣೆಗೆ ನರ್ಸುಗಳು ನಗುತ್ತಿದ್ದರು. ಹೃದಯದ ವಿಭಾಗ ಸಿಗಬಹುದು ಎಂದು ಕಾದೆ, ಸಿಗಲಿಲ್ಲ. ವಯಸ್ಸಾದವರ ವಾರ್ಡಿಗೆ ಬಂದೆ. ಬೇರೆಯವರು ಇಲ್ಲಿಂದ ಮೇಲೆ ಹೋದರು, ನಾನು ಇಲ್ಲೇ ನೆಲೆಸಿದೆ. ದೂರುವುದಿಲ್ಲ. ಡ್ಯೂಟಿ ಪಟ್ಟಿಯಲ್ಲಿ ತೂತು ಬಿದ್ದಾಗಲೆಲ್ಲ ಮೊದಲು ನನಗೇ ಫೋನ್ ಬರುತ್ತದೆ. ಈ ಸಲದ ಕ್ರಿಸ್‌ಮಸ್ ಕೂಡ ನನ್ನದೇ. ಉಳಿದವರಿಗೆ ಚಿಕ್ಕ ಮಕ್ಕಳಿದ್ದಾರೆ.

ಚಂಪಾಳಿಗೆ ನಿನ್ನ ನೆನಪು ಹೇಳಿದೆ. ಸಂಗೀತ ಪಾಠಗಳಲ್ಲಿ ಮುಳುಗಿದ್ದಾಳೆ, ಬರೆಯಲು ಬಿಡುವಿಲ್ಲ ಎಂದಳು.

ಮುದುಕರು ಎರಡನೆಯ ಹಾಳೆ ಕೇಳುತ್ತಿದ್ದಾರೆ. ಮಾಮೂಲಿ ಮಾತಾದರೂ ಪರವಾಗಿಲ್ಲ, ಕಳಿಸು.

ಹರಿ

*

ಮಂಗಳೂರು
4 ಜನವರಿ 1999

ಪ್ರಿಯ ಹರಿ,

ಹೊಸ ವರ್ಷದ ಹಾರೈಕೆ. ಕ್ರಿಸ್‌ಮಸ್ ಗದ್ದಲ ಮುಗಿಯಿತು. ನೀಲಮ್ಮ ಈ ಸಲದ ಹಬ್ಬದ ಕುಸ್ವಾರ್ ತಿಂಡಿಗಳಿಗೆ ಸಕ್ಕರೆ ಕಡಿಮೆ ಹಾಕಿದಳು, ನಮ್ಮೆಲ್ಲರ ರಕ್ತಪರೀಕ್ಷೆ ಅವಳಿಗೆ ಗೊತ್ತು.

ಎರಡನೆಯ ಹಾಳೆಗೆ ಸಮಯ ಬೇಕು. ಕಣ್ಣು ಬೇಗ ದಣಿಯುತ್ತದೆ.

ಮೊನ್ನೆ ಹಂಪನಕಟ್ಟೆಯಲ್ಲಿ ಚಂಪಾಳ ದೊಡ್ಡಪ್ಪನ ಮಗಳು ಲೀಲಾವತಿ ಸಿಕ್ಕಿದರು. ಬಿಸಿಲಿಗೆ ಕೊಡೆ ಹಿಡಿದು ಹತ್ತು ನಿಮಿಷ ಮಾತಾಡಿದೆವು.

ಹರಿ, ಚಂಪಾ ಈಗ ಪಾಠ ಮಾಡುವುದು ಎಲ್ಲಿ? ಮನೆಯಲ್ಲಿಯೇ?

ಸಿಪ್ರಿಯನ್

*

ವಿದನ್‌ಶಾ
24 ಜನವರಿ 1999

ಪ್ರಿಯ ಸಿಪ್ರಿಯನ್,

ಇಲ್ಲಿ ಫ್ಲೂ ಹಬ್ಬಿದೆ. ಕಾರಿಡಾರಿನಲ್ಲೂ ಹಾಸಿಗೆ ಹಾಕಿದ್ದೇವೆ. ಹತ್ತೊಂಬತ್ತು ದಿನದಿಂದ ಒಂದೂ ರಜೆ ಇಲ್ಲ.

ಓಲ್ಡ್‌ಫೀಲ್ಡರ ಕಾಲು ಊದಿದೆ, ಉಸಿರು ಮೇಲೆ ಬರುತ್ತಿದೆ. ನಿನ್ನೆ ನನ್ನನ್ನು ಕರೆದು ಎರಡನೆಯ ಹಾಳೆಯನ್ನು ಮೂಗಿನ ಹತ್ತಿರ ಹಿಡಿದರು. ಶಾಲೆಯಲ್ಲಿ ಒಂದು ವರ್ಷ ಲ್ಯಾಟಿನ್ ಕಲಿತಿದ್ದರಂತೆ. "ಇಲ್ಲಿ ಲೈಸೆಂಶಿಯಾ ಅಂತ ಇದೆ. ಅದು ಅಪ್ಪಣೆ. ನನಗೂ ಅಷ್ಟು ಗೊತ್ತು. ಕೆಳಗೆ ಮತ್ತೆ ಅದೇ ಪದ. ಯಾರು ಯಾರ ಹತ್ತಿರ ಅಪ್ಪಣೆ ಕೇಳ್ತಿದ್ದಾರೆ ಡಾಕ್ಟರ್? ನಿಮ್ಮ ಪಾದ್ರಿ ಇದನ್ನ ಯಾಕೆ ಬಿಟ್ಟರು?"

ಉತ್ತರ ನಿನ್ನಲ್ಲಿ ಇದೆ ಅನ್ನಿಸುತ್ತದೆ. ನಲವತ್ತು ವರ್ಷದಲ್ಲಿ ನೀನು ನನಗೆ ಸುಳ್ಳು ಹೇಳಿದ್ದಿಲ್ಲ. ಅವರಿಗೆ ಹೆಚ್ಚು ದಿನ ಉಳಿದಿಲ್ಲ. ದಯವಿಟ್ಟು ಕಳಿಸು.

ಹರಿಶ್ಚಂದ್ರ

*

ಮಂಗಳೂರು
9 ಫೆಬ್ರವರಿ 1999

ಪ್ರಿಯ ಹರಿ,

ಸ್ಪೀಡ್‌ಪೋಸ್ಟಿನಲ್ಲಿ ಹಾಕುತ್ತಿದ್ದೇನೆ. ನವೆಂಬರಿನಲ್ಲೇ ಓದಿ ಮುಗಿಸಿದ್ದೆ. ಸಂಕ್ಷೇಪಾಕ್ಷರ ಎಂದದ್ದು, ಕಣ್ಣು ಎಂದದ್ದು ಎರಡೂ ನೆಪ. ಮೊದಲು ಹಾಳೆ ಓದು.

"ಮಹಾಪ್ರಭುವೇ, ಇದು ನನ್ನ ಮೂರನೆಯ ಅರ್ಜಿ. ಮೊದಲನೆಯದಕ್ಕೆ ತಾವು ಒಂದು ನಿಲುವಂಗಿ ಕಳಿಸಿದಿರಿ. ಎರಡನೆಯದಕ್ಕೆ ಎರಡು ಪೀಪಾಯಿ ದ್ರಾಕ್ಷಾರಸ ಕಳಿಸಿದಿರಿ. ನಾನು ಕೇಳಿದ್ದು ಅವಲ್ಲ. ಊರಿಗೆ ಹೋಗಲು ಅಪ್ಪಣೆ ಕೇಳಿದೆ. ನನ್ನ ತಂಗಿ ಇನ್ನೂ ಇದ್ದಾಳೆಂದು ಉಣ್ಣೆಯ ವ್ಯಾಪಾರಿಗಳು ಹೇಳಿದರು. ಅವಳನ್ನು ಬಿಟ್ಟುಬಂದಾಗ ಅವಳಿಗೆ ಆರು ವರ್ಷ. ನನ್ನ ಕೈ ಈಗ ಈಟಿ ಎತ್ತುವುದಿಲ್ಲ, ತಮ್ಮ ಬಾಗಿಲಿಗೆ ನಾನು ಅಲಂಕಾರ ಮಾತ್ರ. ಅಪ್ಪಣೆ ಇಲ್ಲದೆ ಹೊರಟರೆ ದ್ರೋಹಿ ಎನ್ನಿಸಿಕೊಳ್ಳುತ್ತೇನೆ, ಅದೊಂದು ನನ್ನಿಂದ ಆಗದು. ಆದುದರಿಂದ ಕೇಳುತ್ತೇನೆ. ಅಪ್ಪಣೆ ಕೊಡಿ."

ಅದರ ಕೆಳಗೆ, ಅರ್ಜಿಯ ಹಿಂಬದಿಯಲ್ಲಿ ಅರಮನೆಯವರು ಬರೆದ ಒಂದೇ ಪದವನ್ನು ಮೇಷ್ಟ್ರು ಟೈಪು ಮಾಡಿದ್ದಾರೆ. ಎಕ್ಸ್‌ಪೆಕ್ಟೆಟ್. ಕಾಯಲಿ ಎಂದು ಅರ್ಥ. ಕೊನೆಗೆ ಅವನ ಪಾದ್ರಿಯ ಸಾಲು: "ಸಂತ ಮಾರ್ಟಿನರ ಹಬ್ಬದ ಮುನ್ನಾದಿನ ಸರ್ ರೆನೋ ತೀರಿಕೊಂಡರು. ಉತ್ತರ ಬಂದಿರಲಿಲ್ಲ."

ದೊರೆ ಹೋಗು ಎಂದದ್ದೂ ಇಲ್ಲ, ಇವನು ಒಲ್ಲೆ ಎಂದದ್ದೂ ಇಲ್ಲ. ಚರ್ಚಿನ ಕಾಗದದ ಕಥೆ ಆಮೇಲೆ ಯಾರೋ ಕಟ್ಟಿದ್ದು.

ಯಾಕೆ ಮುಚ್ಚಿಟ್ಟೆ ಎಂದು ಕೇಳುತ್ತೀಯ. 1979ರಲ್ಲಿ ಇಲ್ಲಿಯ ವೈದ್ಯಕೀಯ ಕಾಲೇಜಿನಲ್ಲಿ ನಿನಗೆ ಕೆಲಸ ಸಿಗುವುದಿತ್ತು. ಬರಲೋ ಬೇಡವೋ ಎಂದು ನನಗೆ ಬರೆದೆ. "ದೇವರು ನಿಲ್ಲಿಸಿದಲ್ಲಿ ನಿಂತು ಸೇವೆ ಮಾಡು, ಊರಿನ ಸೆಳೆತ ದುರ್ಬಲರದು" ಎಂದು ನಾನು ಉತ್ತರಿಸಿದೆ. ನನಗಾಗ ನಲವತ್ತೈದು, ಎಲ್ಲ ಗೊತ್ತಿದೆ ಎಂಬ ಅಹಂಕಾರ. ನೀನು ನಿಂತೆ. ಈ ಹಾಳೆ ಓದಿದಾಗ ನಿನ್ನನ್ನು ಅಲ್ಲಿ ಕಟ್ಟಿಹಾಕಿದವನು ನಾನೇ ಎನ್ನಿಸಿತು. ನಿನಗೆ ಇದನ್ನು ಓದಿಸುವ ಧೈರ್ಯವಾಗಲಿಲ್ಲ.

ಇನ್ನೊಂದು. ಚಂಪಾ ಎರಡು ವರ್ಷದಿಂದ ಲೆಸ್ಟರಿನಲ್ಲಿ ಬೇರೆ ಮನೆ ಮಾಡಿಕೊಂಡಿದ್ದಾಳೆಂದು ಲೀಲಾವತಿ ಹೇಳಿದರು. ನನಗೆ ಗೊತ್ತಿದೆ ಎಂದುಕೊಂಡೇ ಹೇಳಿದರು. ನಾನು ತಲೆಯಾಡಿಸಿದೆ. ನಾನು ನೆನಪು ಹೇಳು ಎಂದು ಬರೆದಾಗಲೆಲ್ಲ "ಹೇಳಿದೆ" ಎಂದು ಬರೆಯುತ್ತಿದ್ದೆಯಲ್ಲ ಹರಿ. ಆ ಮನೆಯಲ್ಲಿ ಒಬ್ಬನೇ ಕುಳಿತು ಬರೆಯುತ್ತಿದ್ದೆಯಾ?

ಕ್ಷಮಿಸು.
ಸಿಪ್ರಿ

*

ವಿದನ್‌ಶಾ
7 ಮಾರ್ಚ್ 1999

ಪ್ರಿಯ ಸಿಪ್ರಿ,

ಹೌದು. ಒಬ್ಬನೇ ಕುಳಿತು ಬರೆಯುತ್ತಿದ್ದೆ. 1996ರ ಅಕ್ಟೋಬರಿನಲ್ಲಿ ಹೋದಳು. ಅವಳ ಸ್ನೇಹಿತೆ ಶೋಭಾ ಕಾರು ತಂದಿದ್ದಳು. ಎರಡು ಸೂಟ್‌ಕೇಸು, ಹಿಂದಿನ ಸೀಟಿನಲ್ಲಿ ತಂಬೂರಿ. ಜಗಳ ಆಗಲಿಲ್ಲ. ನಾನು ಕ್ಲಿನಿಕ್ಕಿಗೆ ಹೊರಟಿದ್ದೆ, ಮಧ್ಯಾಹ್ನ ಬಂದಾಗ ಮನೆ ಒಪ್ಪವಾಗಿತ್ತು. ಯಾರಿಗೂ ಹೇಳಲಿಲ್ಲ. ವಾರ್ಡಿನಲ್ಲಿ ಇಂದಿಗೂ "ನಿಮ್ಮ ಶ್ರೀಮತಿ ಹೇಗಿದ್ದಾರೆ?" ಎಂದು ಕೇಳುತ್ತಾರೆ. ಚೆನ್ನಾಗಿದ್ದಾಳೆ ಎನ್ನುತ್ತೇನೆ. ಸುಳ್ಳಲ್ಲ, ಚೆನ್ನಾಗಿಯೇ ಇರಬಹುದು.

ನಿನ್ನ ಲಕೋಟೆ ಬಂದಾಗ ಓಲ್ಡ್‌ಫೀಲ್ಡರಿಗೆ ಆಕ್ಸಿಜನ್ ಹಾಕಿದ್ದೆವು. ಓದಬೇಕೋ ಬೇಡವೋ ಎಂದು ಎರಡು ದಿನ ಕೋಟಿನ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದೆ. ನಲವತ್ತು ವರ್ಷ ಹೇಳಿಕೊಂಡು ಬಂದ ಕಥೆಯನ್ನು ಸಾಯುವ ವಾರದಲ್ಲಿ ಕಿತ್ತುಕೊಳ್ಳುವುದು ವೈದ್ಯನ ಕೆಲಸವೇ? ಮೂರನೆಯ ದಿನ ಅವರೇ ಮಾಸ್ಕ್ ಸರಿಸಿ, "ಜೇಬಲ್ಲಿ ಇಟ್ಕೊಂಡಿದ್ದೀರಿ, ನಿಮ್ಮ ನಡಿಗೆ ಕೇಳಿದ್ರೆ ಗೊತ್ತಾಗತ್ತೆ" ಎಂದರು.

ಓದಿದೆ. ಒಂದು ಪದವನ್ನೂ ಬಿಡಲಿಲ್ಲ.

"ಪಾಪ. ಪಾಪದ ಮನುಷ್ಯ. ಊರಿಗೆ ಹೋಗ್ಬೇಕು ಅಂತಿದ್ದ. ನಾನು ಜನರ ಮುಂದೆಲ್ಲ ಅವನನ್ನ ನಾಯಿ ಮಾಡಿಬಿಟ್ಟೆ, ಬಾಗಿಲು ತೆರೆದಿದ್ರೂ ಹೋಗದ ನಾಯಿ" ಎಂದರು. ಅವರ ಕಣ್ಣಿಂದ ನೀರು ಹರಿಯಿತು. ಒರೆಸಿದೆ.

"ನೀವು ಎಷ್ಟು ಸಲ ಕೇಳಿದ್ರಿ ಡಾಕ್ಟರ್?"

"ನಾನಾ? ನನ್ನನ್ನ ಯಾರೂ ಹಿಡಿದಿಟ್ಟಿಲ್ಲ."

"ಹಾಗಿದ್ರೆ ಒಂದು ಸಲವೂ ಕೇಳಲಿಲ್ವಾ?"

"ನಾನಲ್ಲ," ಎಂದೆ. ಯಾಕೆ ಬಾಯಿಗೆ ಬಂತೋ ಗೊತ್ತಿಲ್ಲ. "ನನ್ನ ಹೆಂಡತಿ ಕೇಳ್ತಿದ್ದಳು."

"ಯಾರನ್ನ?"

"ನನ್ನನ್ನ."

ಅವರು ನನ್ನ ಮಣಿಕಟ್ಟಿನ ಮೇಲೆ ಕೈಯಿಟ್ಟರು, ನಾನು ದಿನವೂ ಅವರ ನಾಡಿ ಹಿಡಿಯುವ ಹಾಗೆ. ಸ್ವಲ್ಪ ಹೊತ್ತಿಗೆ ಟೀ ಗಾಡಿ ಬಂತು.

ಸಿಪ್ರಿ, ನೀನು ನನ್ನನ್ನು ಆ ಯೋಧನಲ್ಲಿ ಕಂಡೆ. ನಾನೂ ಹಾಗೆಯೇ ಕಂಡುಕೊಂಡು ಹಿಗ್ಗಿದೆ. ಇಬ್ಬರೂ ತಪ್ಪು ಓದಿದೆವು. ನನ್ನ ಮನೆಯಲ್ಲಿ ಅರ್ಜಿ ಹಿಡಿದು ನಿಂತವಳು ಚಂಪಾ. 1979ರಲ್ಲಿ ಆ ಕೆಲಸಕ್ಕೆ ಒಪ್ಪಿಕೊಳ್ಳಿ ಎಂದು ಕೇಳಿದವಳು ಅವಳು. ನಿನಗೆ ಬರೆದಾಗ ನಾನು ಅದನ್ನು ಹೇಳಲೇ ಇಲ್ಲ, ನನ್ನದೇ ಗೊಂದಲ ಎಂಬಂತೆ ಬರೆದೆ. ನನ್ನ ಪರೀಕ್ಷೆ ಒಂದು ಮುಗಿಯಲಿ ಎಂದು ಅವಳಿಗೆ ಹೇಳಿದೆ. 1986ರ ಫೆಬ್ರವರಿಯಲ್ಲಿ ಉಡುಪಿಯಿಂದ ಅವಳ ತಾಯಿಗೆ ಹೆಚ್ಚಾಗಿದೆ ಎಂದು ಸುದ್ದಿ ಬಂತು. ಮಾಳವಿಕಾಳಿಗೆ ಹತ್ತು ವರ್ಷ. ನಾನು ವಾರಕ್ಕೆ ಮೂರು ರಾತ್ರಿ ಆಸ್ಪತ್ರೆಯಲ್ಲಿ. "ಈಸ್ಟರ್ ರಜೆ ಬರಲಿ, ಆಗ ಹೋಗು" ಎಂದೆ. ಈಸ್ಟರ್‌ಗೆ ಎರಡು ವಾರ ಇರುವಾಗ ತಂತಿ ಬಂತು. ಆ ಸಂಜೆ ಒಂದು ಹೊಸ ಕೋಟು ತಂದುಕೊಟ್ಟೆ, ಒಳ್ಳೆಯ ಉಣ್ಣೆಯದು. 1994ರಲ್ಲಿ ಮಾಳವಿಕಾ ಕಾಲೇಜಿಗೆ ಹೋದ ಮೇಲೆ ಕೊನೆಯ ಸಲ ಕೇಳಿದಳು. "ಇನ್ನಾದರೂ ಹೋಗುವಾ?" ಅಂತ, ಪಾತ್ರೆ ತೊಳೆಯುತ್ತಾ, ನನ್ನ ಕಡೆ ನೋಡದೆ. ನೋಡೋಣ ಎಂದು ಪೇಜರ್ ತೆಗೆದುಕೊಂಡು ಹೊರಟೆ.

ಆದ್ದರಿಂದ 1979ರ ಭಾರ ನೀನು ಹೊರಬೇಡ. ನಿನ್ನ ಪತ್ರ ಬರುವ ಮೊದಲೇ ನಾನು ಬೇಡವೆಂದು ತೀರ್ಮಾನಿಸಿದ್ದೆ. ಒಬ್ಬ ಪಾದ್ರಿಯ ಸಹಿ ಬೇಕಿತ್ತು, ಅಷ್ಟೆ.

ಓಲ್ಡ್‌ಫೀಲ್ಡ್ ಫೆಬ್ರವರಿ ಇಪ್ಪತ್ತಾರಕ್ಕೆ, ಬೆಳಗಿನ ತಿಂಡಿಯ ಹೊತ್ತಿಗೆ ಹೋದರು. ಥಾರ್ನ್‌ಲೀಯ ಶವಸಂಸ್ಕಾರಕ್ಕೆ ಹೋಗಿದ್ದೆ. ಒಂಬತ್ತು ಜನ ಇದ್ದೆವು. ಸಮಾಧಿಯನ್ನೂ ನೋಡಿದೆ. ಅಲ್ಲಿಯ ಪಾದ್ರಿಗೆ ಎರಡೂ ಹಾಳೆಗಳ ಅನುವಾದ ಕೊಟ್ಟೆ. ಹಂಚುವ ಕಾಗದವನ್ನು ತಿದ್ದಿಸಬೇಕೆಂದು ಓಲ್ಡ್‌ಫೀಲ್ಡ್ ಸಾಯುವ ಮೊದಲು ಆ ಪಾದ್ರಿಯಿಂದ ಮಾತು ತೆಗೆದುಕೊಂಡಿದ್ದರಂತೆ.

ಹರಿ

*

ಮಂಗಳೂರು
25 ಮಾರ್ಚ್ 1999

ಪ್ರಿಯ ಹರಿ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಪಾಪನಿವೇದನೆ ಕೇಳಿ ಕೇಳಿ ನನ್ನ ಕಿವಿ ಸವೆದಿದೆ. ಜನ ತಾವು ಯಾರಿಗೆ ತಪ್ಪು ಮಾಡಿದರೋ ಅವರ ಮುಂದೆ ಹೇಳಬೇಕಾದದ್ದನ್ನು ನನ್ನ ಮುಂದೆ ಹೇಳಿ, ಹಗುರಾಗಿ, ಮನೆಗೆ ಹೋಗಿ ಮಲಗುತ್ತಾರೆ. ನಾನೂ ಹಾಗೆ ಹೋಗಲು ಬಿಟ್ಟಿದ್ದೇನೆ.

ಈ ಸಲ ಬಿಡುವುದಿಲ್ಲ ಮಾರಾಯ. 1986ರ ಸಂಗತಿ ನನಗೆ ಬರೆಯುವಂಥದ್ದಲ್ಲ. ಲೆಸ್ಟರ್ ನಿನ್ನ ಮನೆಯಿಂದ ಎಷ್ಟು ದೂರ ಎಂದು ಭೂಪಟದಲ್ಲಿ ನೋಡಿದೆ. ನಾನು ಹೆಬ್ಬೆರಳು ಇಟ್ಟರೆ ಎರಡೂ ಮುಚ್ಚಿಹೋಗುತ್ತವೆ.

ಹೋಗಿ ಬಂದ ಮೇಲೆ ಬರೆ. ಅದಕ್ಕೆ ಮೊದಲು ಬೇಡ.

ಸಿಪ್ರಿ

*

ವಿದನ್‌ಶಾ
25 ಜುಲೈ 1999

ಪ್ರಿಯ ಸಿಪ್ರಿ,

ನಾಲ್ಕು ತಿಂಗಳು ತೆಗೆದುಕೊಂಡೆ. ಎರಡು ಸಲ ಸ್ಟೇಷನ್ನಿನವರೆಗೆ ಹೋಗಿ ವಾಪಸು ಬಂದೆ. ಒಂದು ಸಲ ರೈಲು ಹತ್ತಿ ಶೆಫೀಲ್ಡಿನಲ್ಲಿ ಇಳಿದುಬಿಟ್ಟೆ. ಕಳೆದ ಭಾನುವಾರ ಹೋದೆ.

ಸೀರೆ ಅಂಗಡಿಯೊಂದರ ಮೇಲಿನ ಮಹಡಿ. ಕೆಳಗೆ ಗುಜರಾತಿ ಮಾತು, ಅಗರಬತ್ತಿ, ಸಿಹಿ ಅಂಗಡಿಯ ತುಪ್ಪದ ವಾಸನೆ. ಮೇಲೆ ಮಕ್ಕಳು ಸರಳೆ ವರಸೆ ಹಾಡುತ್ತಿದ್ದರು, ಇಂಗ್ಲಿಷ್ ಬಾಯಿಯಲ್ಲಿ ಸ ರಿ ಗ ಮ. ನಡುವೆ ಅವಳ ದನಿ. ತಪ್ಪಿದ ಮಗುವನ್ನು ನಿಲ್ಲಿಸಿ, ಮೊದಲಿನಿಂದ ಎನ್ನುತ್ತಿದ್ದಳು. ನಾನು ಮೆಟ್ಟಿಲ ಮೇಲೆ ಕುಳಿತೆ. ಪಾಠ ಮುಗಿಯಲು ಮುಕ್ಕಾಲು ಗಂಟೆ ಆಯಿತು. ಮಕ್ಕಳು ನನ್ನನ್ನು ದಾಟಿಕೊಂಡು ಇಳಿದರು. ಕೊನೆಗೆ ಅವಳು ಬಾಗಿಲಿಗೆ ಬಂದಳು. ಕೂದಲು ಚಿಕ್ಕದಾಗಿ ಕತ್ತರಿಸಿಕೊಂಡಿದ್ದಾಳೆ. ಕನ್ನಡಕ ಬಂದಿದೆ.

"ಫೋನ್ ಮಾಡಿ ಬರ್ಬಾರ್ದಿತ್ತಾ?" ಎಂದಳು.

"ಮಾಡಿದ್ರೆ ಬೇಡ ಅಂತಿದ್ದೆ."

"ಇಲ್ಲ. ಅಕ್ಕಿ ಸ್ವಲ್ಪ ಜಾಸ್ತಿ ಹಾಕ್ತಿದ್ದೆ."

ಒಳಗೆ ಕೂರಿಸಿದಳು. ಟೀ ಕೊಟ್ಟಳು. ನನಗೆ ಸಕ್ಕರೆ ಎಷ್ಟು ಎಂದು ಕೇಳಿದಳು. ಮರೆತಿದ್ದಾಳೋ, ಬೇಕೆಂದೇ ಕೇಳಿದಳೋ. ನಾನು ಓಲ್ಡ್‌ಫೀಲ್ಡರ ಕಥೆ, ಯೋಧನ ಕಥೆ ಎಂದು ಏನೇನೋ ಶುರು ಮಾಡಿದೆ. ಅವಳು ಚಾಪೆ ಮಡಿಸುತ್ತಾ ಕೇಳಿದಳು. ನನಗೇ ನಾಚಿಕೆಯಾಗಿ ನಿಲ್ಲಿಸಿದೆ.

"ಚಂಪಾ, ಎಂಬತ್ತಾರರಲ್ಲಿ ನಿನ್ನನ್ನ ಕಳಿಸ್ಬೇಕಿತ್ತು."

"ಹೌದು," ಎಂದಳು.

ಅಷ್ಟೇ. ಇನ್ನೆರಡು ಚಾಪೆ ಮಡಿಸಿದಳು. ಆಮೇಲೆ ನನ್ನ ಎದುರು ಕುಳಿತು ಹೇಳಿದಳು: "ಅಮ್ಮ ಹದಿನೇಳು ದಿನ ಕೇಳಿದ್ರಂತೆ, ಚಂಪಾ ಬಂದ್ಲಾ ಅಂತ. ಲೀಲಕ್ಕ ಹತ್ತಿರ ಕೂತಿದ್ಲು. ದಿನಾ ನಾಳೆ ಬರ್ತಾಳೆ ಅಂತ ಹೇಳ್ತಿದ್ಲಂತೆ. ಕೊನೆಯ ದಿನ ಅಮ್ಮ ಕೇಳ್ಲಿಲ್ಲ."

"ಇದನ್ನ ನೀನು ನನಗೆ ಯಾವತ್ತೂ ಹೇಳ್ಲಿಲ್ಲ."

"ನೀವು ಯಾವತ್ತೂ ಕೇಳ್ಲಿಲ್ಲ."

ಸಿಪ್ರಿ, ನನ್ನ ವಾರ್ಡಿನಲ್ಲಿ ಎಷ್ಟು ಜನ ಹಾಗೆ ಕೇಳಿದ್ದಾರೆ, ಮಗಳು ಬಂದಳೇ ಎಂದು. ಅವರ ಮಕ್ಕಳಿಗೆ ನಾನೇ ಫೋನ್ ಮಾಡಿ ಕರೆಸಿದ್ದೇನೆ, ತಡಮಾಡಬೇಡಿ ಎಂದು ಗದರಿಸಿದ್ದೇನೆ. ಅದಕ್ಕೆ ನನಗೆ ಒಳ್ಳೆಯ ಹೆಸರಿದೆ. ಅಲ್ಲಿ, ಆ ಮಕ್ಕಳ ಚಾಪೆಗಳ ಪಕ್ಕದಲ್ಲಿ ಕುಳಿತು ಅತ್ತುಬಿಟ್ಟೆ. ಅವಳು ಸಮಾಧಾನ ಮಾಡಲಿಲ್ಲ. ಎದ್ದೂ ಹೋಗಲಿಲ್ಲ.

ಅನ್ನ, ಬದನೆಕಾಯಿ ಹುಳಿ, ಮಜ್ಜಿಗೆ. ಊಟದ ನಡುವೆ ಹೇಳಿದಳು, "ನವೆಂಬರಿಗೆ ನಾನು ಊರಿಗೆ ಹೋಗ್ತೇನೆ. ಆರು ತಿಂಗಳು. ಲೀಲಕ್ಕನ ಮನೆಯಲ್ಲಿ. ಆಮೇಲೆ ಏನು ಅಂತ ಅಲ್ಲೇ ಯೋಚನೆ ಮಾಡ್ತೇನೆ. ಟಿಕೆಟ್ ಆಗಿದೆ."

"ನಾನೂ ಬರ್ಲಾ?" ಎಂದೆ. ನನಗೂ ಗೊತ್ತಿರಲಿಲ್ಲ ಕೇಳುತ್ತೇನೆಂದು. ಕೈಯಲ್ಲಿ ತುತ್ತು ಹಾಗೇ ಇತ್ತು.

ಅವಳು ಯೋಚಿಸಿದಳು. ನಿಜವಾಗಿ ಯೋಚಿಸಿದಳು, ಅದು ಕಂಡಿತು. "ಬೇಡ. ಈ ಸಲ ನಾನೊಬ್ಳೇ ಹೋಗ್ತೇನೆ," ಎಂದಳು. ಮಜ್ಜಿಗೆಯ ಪಾತ್ರೆಯನ್ನು ನನ್ನ ಕಡೆ ಸರಿಸಿದಳು.

ವಿಮಾನ ಮ್ಯಾಂಚೆಸ್ಟರಿನಿಂದ. ಲೆಸ್ಟರಿಗೆ ಬರ್ಮಿಂಗ್‌ಹ್ಯಾಮ್ ಹತ್ತಿರ, ಅಲ್ಲಿಂದಲೂ ಸಿಗುತ್ತಿತ್ತು. ಇಲ್ಲಿಂದ ಯಾಕೆ ಟಿಕೆಟ್ ತೆಗೆದುಕೊಂಡೆ ಎಂದು ಕೇಳುವ ಧೈರ್ಯವಾಗಲಿಲ್ಲ. ಹಿಂದಿನ ದಿನ ಬಂದು ಮಾಳವಿಕಾಳ ಕೋಣೆಯಲ್ಲಿ ಮಲಗುತ್ತಾಳೆ. ನವೆಂಬರ್ ಹದಿನೈದು, ಸೋಮವಾರ ಬೆಳಿಗ್ಗೆ ನಾನು ಕಾರಿನಲ್ಲಿ ಬಿಡಬೇಕು. ಮುಂಬಯಿಯಲ್ಲಿ ವಿಮಾನ ಬದಲಾಯಿಸಿ ಮಂಗಳವಾರ ಬಜ್ಪೆಗೆ ಬರುತ್ತಾಳೆ. ಲೀಲಾವತಿಗೆ ಈಗ ನಡೆಯುವುದು ಕಷ್ಟವಂತೆ. ನೀನು ಹೋಗಿ ಕರೆದುಕೊಂಡು ಬರುತ್ತೀಯಾ? ಅವಳಿಗೆ ಸಂತೋಷವಾದೀತು. ಇದನ್ನೂ ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ.

ಮೊನ್ನೆ ಆ ಸೋಮವಾರಕ್ಕೆ ರಜೆ ಬರೆದು ವಾರ್ಡಿನ ಸಿಸ್ಟರ್ ಮೇಜಿನ ಮೇಲೆ ಇಟ್ಟೆ. ಆಕೆ ನಗುತ್ತಾ, "ನಾಲ್ಕು ತಿಂಗಳು ಮುಂಚೆ? ನೀವಾ ಡಾಕ್ಟರ್? ಕಾರಣದ ಸಾಲು ಖಾಲಿ ಬಿಟ್ಟಿದ್ದೀರಲ್ಲ" ಎಂದು ಹಾಳೆಯನ್ನು ವಾಪಸು ಕೊಟ್ಟಳು. ಪೆನ್ನು ತೆಗೆದು, ಅಲ್ಲೇ ನಿಂತು, ಬರೆದೆ. ಹೆಂಡತಿ ಊರಿಗೆ ಹೋಗುತ್ತಿದ್ದಾಳೆ.

ನಿನ್ನ
ಹರಿ